ನಾಲ್ಕು ಅಂಗೈಗಳ ಮೇಲೆ ಒಂದು ಕಾರು

ಬೆಳಗಾವಿಯ ಖಾನಾಪುರ ರಸ್ತೆಯಲ್ಲಿರುವ ಟೈರ್ ಅಂಗಡಿಯೊಂದರಲ್ಲಿ ನನ್ನ ಕಾರಿನ ಮುಂದಿನ ಚಕ್ರ ಬಿಚ್ಚಿ ನೆಲಕ್ಕೆ ಮಲಗಿಸಿದಾಗ, ಅಂಗಡಿಯ ಹಿರಿಯರು ಟೈರಿನ ಮೇಲೆ ಅಡ್ಡಡ್ಡವಾಗಿ ಅಂಗೈ ಎಳೆದು ನೋಡಿದರು. ಒಳಬದಿಯ ಗೀರುಗಳು ಹೊಸ ಟೈರಿನಲ್ಲಿ ಇರುವಷ್ಟೇ ಆಳವಾಗಿದ್ದವು. ಹೊರ ಅಂಚು ಮಾತ್ರ ಬೋಳಾಗಿತ್ತು. ಕಾದು ಸುಲಿದ ರಬ್ಬರು ಸಾಸಿವೆ ಗಾತ್ರದ ಉಂಡೆಗಳಾಗಿ ಅಲ್ಲಿ ಅಂಟಿಕೊಂಡಿತ್ತು. ‘ಸಾಹೇಬರೆ, ನಿಮ್ಮ ಗಾಡಿ ಟೈರಿನ ಮೇಲೆ ಓಡಿಲ್ಲ, ಟೈರಿನ ಅಂಚಿನ ಮೇಲೆ ಓಡಿದೆ’ ಎಂದರು.

ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಹವ್ಯಾಸಿಗಳ ಟ್ರ್ಯಾಕ್ ಡೇ (ಸ್ವಂತ ಕಾರನ್ನು ರೇಸ್ ಪಥದಲ್ಲಿ ಓಡಿಸುವ ದಿನ) ಮುಗಿಸಿ ಬಂದು ಆಗ ಎರಡು ದಿನವಾಗಿತ್ತು. 2.1 ಕಿಲೋಮೀಟರ್ ಉದ್ದದ ಆ ಪಥಕ್ಕೆ ಹೋಗುವ ಮೊದಲು ನಾನು ಗಟ್ಟಿಯಾದ ಸ್ಪ್ರಿಂಗ್ ಹಾಕಿಸಿದ್ದೆ. ತಿರುವಿನಲ್ಲಿ ಕಾರು ವಾಲುವುದು ಕಡಿಮೆಯಾದರೆ ಹೊರಚಕ್ರಗಳ ಮೇಲೆ ಬೀಳುವ ಭಾರವೂ ಕಡಿಮೆಯಾಗುತ್ತದೆ ಎಂದು ನಂಬಿದ್ದೆ. ಕಾರುಪ್ರಿಯರಲ್ಲಿ ತುಂಬಾ ಮಂದಿ ಹೀಗೆಯೇ ನಂಬುತ್ತಾರೆ. ಅದು ತಪ್ಪು ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಸಾಕು.

ಕಾರಿನ ತೂಕ 1000 ಕೆಜಿ ಎಂದುಕೊಳ್ಳಿ. ಅದರ ಗುರುತ್ವ ಕೇಂದ್ರ ನೆಲದಿಂದ 55 ಸೆಂಟಿಮೀಟರ್ ಎತ್ತರದಲ್ಲಿದೆ, ಎಡ ಬಲ ಚಕ್ರಗಳ ನಡುವಿನ ಅಂತರ 150 ಸೆಂಟಿಮೀಟರ್. ತಿರುವಿನಲ್ಲಿ ಕಾರನ್ನು ಹೊರಕ್ಕೆ ತಳ್ಳುವ ಬಲ ಅದರ ತೂಕದ 0.8ರಷ್ಟಿದೆ. 1000ವನ್ನು 0.8ರಿಂದ ಗುಣಿಸಿ, 55ರಿಂದ ಗುಣಿಸಿ, 150ರಿಂದ ಭಾಗಿಸಿದರೆ 293 ಬರುತ್ತದೆ. ಒಳಬದಿಯ ಚಕ್ರಗಳಿಂದ ಹೊರಬದಿಗೆ ಜಾರುವ ಭಾರ ಇಷ್ಟು ಕೆಜಿ. ಒಂದೊಂದು ಬದಿಗೆ 500 ಕೆಜಿ ಇದ್ದದ್ದು ಹೊರಗೆ 793, ಒಳಗೆ 207 ಆಗುತ್ತದೆ. ಈ ಲೆಕ್ಕದಲ್ಲಿ ಸ್ಪ್ರಿಂಗಿನ ಹೆಸರೇ ಇಲ್ಲ. ವಾಲಿದಾಗ ಗುರುತ್ವ ಕೇಂದ್ರ ತುಸು ಪಕ್ಕಕ್ಕೆ ಸರಿಯುವುದುಂಟು, ಆದರೆ ಅದರಿಂದ ಆಗುವ ವ್ಯತ್ಯಾಸ ಅತ್ಯಲ್ಪ. ಭಾರದ ಜಾರಾಟ ತಗ್ಗಬೇಕಾದರೆ ಎತ್ತರ ತಗ್ಗಬೇಕು ಅಥವಾ ಅಗಲ ಹೆಚ್ಚಬೇಕು. ನಮ್ಮ ಕುಸ್ತಿ ಕಣಗಳಲ್ಲಿ ಪೈಲ್ವಾನರು ಕಾಲು ಅಗಲಿಸಿ ಸೊಂಟ ಕುಗ್ಗಿಸಿ ನಿಲ್ಲುವುದು ಇದೇ ಲೆಕ್ಕದ ಮೇಲೆ.

ಭಾರ ಜಾರಿದರೆ ನಷ್ಟವೇನು? ಉತ್ತರ ರಬ್ಬರಿನ ಗುಣದಲ್ಲಿದೆ. ಭಾರ ಎರಡು ಪಟ್ಟಾದರೆ ಟೈರಿನ ಹಿಡಿತ ಎರಡು ಪಟ್ಟಾಗುವುದಿಲ್ಲ, ಅದಕ್ಕಿಂತ ಕಡಿಮೆ ಬೆಳೆಯುತ್ತದೆ. ಅಂದಾಜು ಸಂಖ್ಯೆಗಳಲ್ಲಿ ಹೇಳುವುದಾದರೆ, 250 ಕೆಜಿ ಹೊತ್ತ ಟೈರು 250ರಷ್ಟು ಹಿಡಿತ ಕೊಟ್ಟರೆ, 400 ಕೆಜಿ ಹೊತ್ತದ್ದು 360 ಕೊಡಬಹುದು, 100 ಕೆಜಿ ಹೊತ್ತದ್ದು 105 ಕೊಡಬಹುದು. ಸಮಭಾರದ ಜೋಡಿಯಿಂದ 500 ಸಿಗುತ್ತಿತ್ತು, ಅಸಮಭಾರದ ಜೋಡಿಯಿಂದ ಸಿಕ್ಕಿದ್ದು 465. ಇಡೀ ಕಾರು ನೆಲವನ್ನು ಮುಟ್ಟುವುದೇ ನಾಲ್ಕು ಅಂಗೈಗಳಷ್ಟು ಜಾಗದಲ್ಲಿ. ಅದರಲ್ಲಿ ಇಷ್ಟು ಸೋರಿಹೋದರೆ ತಿರುವಿನಲ್ಲಿ ತಕ್ಷಣ ಗೊತ್ತಾಗುತ್ತದೆ.

ಸ್ಪ್ರಿಂಗುಗಳ ಮತ್ತು ಆಂಟಿ ರೋಲ್ ಬಾರುಗಳ, ಅಂದರೆ ಎಡ ಬಲ ಚಕ್ರಗಳನ್ನು ಜೋಡಿಸಿ ವಾಲಾಟ ತಗ್ಗಿಸುವ ಉಕ್ಕಿನ ಸಲಾಕೆಗಳ, ಕೆಲಸ ಶುರುವಾಗುವುದು ಇಲ್ಲಿ. ಆ 293 ಕೆಜಿಯಲ್ಲಿ ಎಷ್ಟು ಪಾಲು ಮುಂದಿನ ಜೋಡಿಯ ಮೂಲಕ ಜಾರಬೇಕು, ಎಷ್ಟು ಹಿಂದಿನ ಜೋಡಿಯ ಮೂಲಕ ಎಂಬುದನ್ನು ಅವು ಹಂಚಿಕೊಡುತ್ತವೆ. ನಮ್ಮ ಊರುಗಳಲ್ಲಿ ಓಡುವ ಸಣ್ಣ ಕಾರುಗಳಲ್ಲಿ ಎಂಜಿನ್ನಿನ ತೂಕ, ಎಳೆಯುವ ಕೆಲಸ, ತಿರುಗಿಸುವ ಕೆಲಸ ಎಲ್ಲವೂ ಮುಂದಿನ ಚಕ್ರಗಳ ಪಾಲಿಗೇ ಬಂದಿವೆ. ಆದ್ದರಿಂದ ಸ್ಟಿಯರಿಂಗ್ ತಿರುಗಿಸಿದರೂ ಕಾರು ತಿರುವಿನ ಹೊರಕ್ಕೆ ಜಾರುತ್ತದೆ. ಹಿಂಭಾಗವನ್ನು ತುಸು ಗಟ್ಟಿ ಮಾಡಿದರೆ ಜಾರುವ ಭಾರದ ದೊಡ್ಡ ಪಾಲನ್ನು ಅದು ಹೊರುತ್ತದೆ, ಮುಂದಿನ ಎರಡು ಟೈರುಗಳ ಭಾರ ಸಮಕ್ಕೆ ಹತ್ತಿರ ಬರುತ್ತದೆ, ಮೂತಿ ಒಳಕ್ಕೆ ತಿರುಗುತ್ತದೆ. ನಾನು ಮಾಡಿದ್ದು ಇದಕ್ಕೆ ತದ್ವಿರುದ್ಧ. ಹೆಚ್ಚು ಗಟ್ಟಿಯಾದ ಸ್ಪ್ರಿಂಗನ್ನು ಮುಂದೆ ಹಾಕಿಸಿದ್ದೆ. ಹಾಗೆಂದು ಹಿಂಭಾಗವನ್ನು ಅತಿಯಾಗಿ ಬಿಗಿಸುವುದು ಅಪಾಯ. ತಿರುವಿನ ನಡುವೆ ಆಕ್ಸಿಲರೇಟರಿನಿಂದ ಕಾಲು ತೆಗೆದ ಕ್ಷಣ ಹಿಂದಿನ ಚಕ್ರಗಳು ಜಾರಿ ಕಾರು ಗಿರಕಿ ಹೊಡೆಯಬಹುದು.

ಇನ್ನು ಶಾಕ್ ಅಬ್ಸಾರ್ಬರ್. ಬರೀ ಸ್ಪ್ರಿಂಗ್ ನಾಗರ ಪಂಚಮಿಯ ಜೋಕಾಲಿಯಂತೆ, ಒಮ್ಮೆ ಜೀಕಿದರೆ ತೂಗುತ್ತಲೇ ಇರುತ್ತದೆ. ಶಾಕ್ ಅಬ್ಸಾರ್ಬರಿನೊಳಗಿನ ಎಣ್ಣೆ ಸಣ್ಣ ರಂಧ್ರಗಳ ಮೂಲಕ ನುಸುಳುತ್ತಾ ಆ ತೂಗಾಟವನ್ನು ಶಾಖವಾಗಿಸಿ ತಣಿಸುತ್ತದೆ. ಸ್ಪ್ರಿಂಗ್ ಮಾತ್ರ ಬದಲಿಸಿ ಹಳೆಯ ಶಾಕ್ ಅಬ್ಸಾರ್ಬರನ್ನೇ ಉಳಿಸಿಕೊಂಡರೆ ಚಕ್ರ ಉಬ್ಬುಗಳ ಮೇಲೆ ಕುಣಿಯುತ್ತದೆ. ಗಾಳಿಯಲ್ಲಿರುವ ಟೈರಿಗೆ ಹಿಡಿತವೆಲ್ಲಿ?

ಅಂಚು ಬೋಳಾದದ್ದಕ್ಕೆ ಮುಖ್ಯ ಕಾರಣ ಕ್ಯಾಂಬರ್, ಅಂದರೆ ಮುಂದಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ. ಸಣ್ಣ ಕಾರುಗಳ ಮುಂಭಾಗದಲ್ಲಿ ಸಾಮಾನ್ಯವಾಗಿ ಇರುವ, ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿರುವ ಮ್ಯಾಕ್‌ಫರ್ಸನ್ ಸ್ಟ್ರಟ್‌ನಲ್ಲಿ, ಕಾರು ವಾಲಿದಂತೆ ಹೊರಚಕ್ರವೂ ಅದರ ಜೊತೆಗೆ ವಾಲಿ ಟೈರಿನ ಹೊರ ಅಂಚಿನ ಮೇಲೆ ನಿಲ್ಲುತ್ತದೆ. ಚಕ್ರದ ತಲೆಯನ್ನು ಮೊದಲೇ ಎರಡು ಮೂರು ಡಿಗ್ರಿ ಒಳಕ್ಕೆ ವಾಲಿಸಿಟ್ಟರೆ ತಿರುವಿನಲ್ಲಿ ಟೈರು ಚಪ್ಪಟೆಯಾಗಿ ಕೂರುತ್ತದೆ. ಕೆಲವು ಕಾರುಗಳಲ್ಲಿ ಸ್ಟ್ರಟ್ಟಿನ ಕೆಳಗಿನ ಎರಡು ಬೋಲ್ಟುಗಳ ಪೈಕಿ ಒಂದರ ಬದಲಿಗೆ ಕ್ಯಾಂಬರ್ ಬೋಲ್ಟ್ ಹಾಕಿದರೆ ಒಂದು ಡಿಗ್ರಿಗೂ ಹೆಚ್ಚು ಸಿಗುತ್ತದೆ. ಆದರೆ ಕ್ಯಾಂಬರ್ ಬದಲಾದರೆ ಟೋ (ಮೇಲಿನಿಂದ ನೋಡಿದಾಗ ಚಕ್ರದ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಕೂಡ ಬದಲಾಗುತ್ತದೆ, ಆದ್ದರಿಂದ ಅಲೈನ್‌ಮೆಂಟ್ ಮತ್ತೆ ಮಾಡಿಸಲೇಬೇಕು.

ಸರಿಯಾಗಿದೆಯೇ ಎಂದು ನೋಡಲು ಶಾಲೆಯ ಸೀಮೆಸುಣ್ಣ ಸಾಕು. ಟೈರಿನ ಹೊರ ಅಂಚಿನಿಂದ ಅದರ ಪಕ್ಕದ ಗೋಡೆಯವರೆಗೆ (ಸೈಡ್‌ವಾಲ್) ಅಡ್ಡಗೆರೆ ಎಳೆದು ನಾಲ್ಕು ಸುತ್ತು ಓಡಿಸಿ ಬನ್ನಿ. ಗೆರೆ ಎಲ್ಲಿಯವರೆಗೆ ಅಳಿಸಿದೆಯೋ ಅಲ್ಲಿಯವರೆಗೆ ರಬ್ಬರು ನೆಲಕ್ಕೆ ತಾಗಿದೆ. ಹಲವು ಟೈರುಗಳ ಅಂಚಿನಲ್ಲಿ ಸಣ್ಣ ತ್ರಿಕೋನದ ಗುರುತಿರುತ್ತದೆ, ಅಳಿಸಿರುವುದು ಅಲ್ಲಿಗೆ ನಿಂತರೆ ಒಳ್ಳೆಯದು. ಪಕ್ಕದ ಗೋಡೆಗೂ ಏರಿದ್ದರೆ ಗಾಳಿ ಕಡಿಮೆಯಿದೆ ಅಥವಾ ಕ್ಯಾಂಬರ್ ಸಾಲದು. ಉಷ್ಣಮಾಪಕವಿದ್ದರೆ ಇನ್ನೂ ಸ್ಪಷ್ಟ. ಟೈರಿನ ನಡುಭಾಗ ಹೆಚ್ಚು ಬಿಸಿಯಾಗಿದ್ದರೆ ಗಾಳಿ ಹೆಚ್ಚಾಗಿದೆ, ಎರಡೂ ಅಂಚುಗಳು ಬಿಸಿಯಾಗಿದ್ದರೆ ಕಡಿಮೆಯಾಗಿದೆ.

ಗಾಳಿಯ ಲೆಕ್ಕ ನನಗೆ ಅತ್ಯಂತ ಪ್ರಿಯವಾದದ್ದು. 27 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತುಂಬಿಸಿದ ಟೈರಿನೊಳಗಿನ ಗಾಳಿ 67 ಡಿಗ್ರಿಗೆ ಕಾದರೆ ಗೇಜು 36 ತೋರಿಸುತ್ತದೆ. ಆದ್ದರಿಂದ ತಣ್ಣಗಿದ್ದಾಗಿನ ಸಂಖ್ಯೆಗಿಂತ ಓಡಿಸಿ ಬಂದ ತಕ್ಷಣದ ಸಂಖ್ಯೆಯೇ ಮುಖ್ಯ. ಇನ್ನೊಂದು ಸಂಗತಿಯಿದೆ. ಗೇಜು ತೋರಿಸುವುದು ಹೊರಗಿನ ವಾಯುಭಾರಕ್ಕಿಂತ ಒಳಗೆ ಎಷ್ಟು ಹೆಚ್ಚಿದೆ ಎಂಬುದನ್ನು. ಸುಮಾರು 750 ಮೀಟರ್ ಎತ್ತರದ ಬೆಳಗಾವಿಯಿಂದ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಪಥಕ್ಕೆ ಇಳಿದರೆ, ಒಂದು ಹನಿ ಗಾಳಿ ಸೋರದಿದ್ದರೂ ಗೇಜಿನಲ್ಲಿ ಒಂದು ಪಿಎಸ್‌ಐಗಿಂತ ತುಸು ಹೆಚ್ಚು ಇಳಿಯಬೇಕು. ಚೆನ್ನೈನ ಬಿಸಿಲು ಅದನ್ನು ಮತ್ತೆ ಮೇಲೇರಿಸುತ್ತದೆ. ಮನೆಯಲ್ಲಿ ತುಂಬಿಸಿಕೊಂಡು ಹೋದ ಗಾಳಿಯನ್ನು ನಂಬದೆ ಪಥದಲ್ಲೇ ಅಳೆಯಬೇಕಾದ ಕಾರಣ ಇದು.

ಟೈರಿನ ಅಳತೆಯಲ್ಲಿ ನಾನು ದುರಾಸೆ ಪಡಲಿಲ್ಲ. 185/65 ಆರ್15 ಎಂದರೆ 185 ಮಿಲಿಮೀಟರ್ ಅಗಲ, ಅದರ ಶೇ. 65ರಷ್ಟು ಎತ್ತರದ ಪಕ್ಕದ ಗೋಡೆ, 15 ಇಂಚಿನ ರಿಮ್. ಅದರ ಬದಲು 195/60 ಹಾಕಿದರೆ ಒಟ್ಟು ವ್ಯಾಸ ಶೇ. 1ರಷ್ಟು ಮಾತ್ರ ಕುಗ್ಗುತ್ತದೆ. ಜೊತೆಗೆ ಹಾಕಿಸಿದ ಹೊಸ ರಿಮ್ಮಿನ ನಡುವಿನ ರಂಧ್ರ ಹಬ್‌ಗಿಂತ, ಅಂದರೆ ಚಕ್ರ ಕೂರುವ ನಡುಗುಂಬಕ್ಕಿಂತ, ದೊಡ್ಡದಿತ್ತು. ಸಡಿಲ ಬಿಟ್ಟರೆ ಚಕ್ರ ನಡುವಿನಲ್ಲಿ ಕೂರದೆ ನಡುಗುತ್ತದೆ. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಲೇಥ್ ಕೆಲಸಗಾರರೊಬ್ಬರು ಅಲ್ಯೂಮಿನಿಯಂ ತುಂಡು ಹಿಡಿದು, ವರ್ನಿಯರ್‌ನಲ್ಲಿ ಮೂರು ಸಲ ಅಳೆದು, ನಾಲ್ಕು ಉಂಗುರ ಕಡೆದು ಕೊಟ್ಟರು. ಹಬ್ಬಿನ ಮೇಲೆ ಇಟ್ಟು ಹೆಬ್ಬೆರಳಿನಿಂದ ಒತ್ತಿದಾಗ ಅದು ಅಲುಗಾಡದೆ, ಸಿಕ್ಕಿಕೊಳ್ಳದೆ ಒಳಗೆ ಜಾರಿತು.

ಎರಡನೆಯ ಬಾರಿ ಕೊಯಮತ್ತೂರಿಗೆ ಹೋದಾಗ ಮುಂದಿನ ಸ್ಪ್ರಿಂಗುಗಳು ಕಂಪನಿಯವೇ ಆಗಿದ್ದವು, ಕ್ಯಾಂಬರ್ ಸರಿಯಿತ್ತು. ನಾಲ್ಕು ಸುತ್ತು ಮುಗಿಸಿ ನೋಡಿದರೆ ಸೀಮೆಸುಣ್ಣದ ಗೆರೆ ಮುಂದಿನ ಎರಡೂ ಟೈರುಗಳಲ್ಲಿ ತ್ರಿಕೋನದ ತುದಿಗೇ ನಿಂತಿತ್ತು. ಹಿಂದಿನವುಗಳ ನಡುಭಾಗ ಇನ್ನೂ ಬಿಸಿಯಾಗಿತ್ತು. ಎರಡು ಪಿಎಸ್‌ಐ ಬಿಟ್ಟು ಮತ್ತೆ ಹೊರಟೆ.