ಗೋದಾಮು ತುಂಬಿದ್ದರೂ ಕೌನ್ಸಿಲ್‌ನ ಬೊಕ್ಕಸ ಏಕೆ ತುಂಬುವುದಿಲ್ಲ?

ಓದುಗರ ಪ್ರಶ್ನೆ: ಇಂಗ್ಲೆಂಡಿನ ನಾರ್ತ್ ನಾರ್ಥಾಂಪ್ಟನ್‌ಶೈರ್ 2021ರಲ್ಲಿ ರಚನೆಯಾದ ಹೊಸ ಜಿಲ್ಲೆ. ಹೆದ್ದಾರಿಯ ಎರಡೂ ಬದಿಗೆ ದೊಡ್ಡ ದೊಡ್ಡ ಗೋದಾಮುಗಳಿವೆ, ಕಾರ್ಖಾನೆಗಳಿವೆ, ಜನಸಂಖ್ಯೆಯೂ ಬೆಳೆಯುತ್ತಿದೆ. ಆದರೂ ಅಲ್ಲಿನ ಕೌನ್ಸಿಲ್ ಮನೆತೆರಿಗೆಯನ್ನು ಏರಿಸುತ್ತಲೇ ಹಣದ ಕೊರತೆಯ ಮಾತನಾಡುವುದೇಕೆ?

ಉತ್ತರ: ಕೆಟರಿಂಗ್, ಕಾರ್ಬಿ, ವೆಲಿಂಗ್‌ಬರೊ ಊರುಗಳು ಸೇರಿರುವ ಈ ಜಿಲ್ಲೆಯ ಬಗ್ಗೆ ಕೇಳುವವರೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಈ ಪ್ರಶ್ನೆಗೆ ಬಂದು ನಿಲ್ಲುತ್ತಾರೆ. ಗೊಂದಲದ ಒಂದು ಪಾಲು ‘ಜಿಲ್ಲೆ’ ಎಂಬ ನಮ್ಮ ಪದದಲ್ಲಿಯೇ ಇದೆ. ನಾರ್ತ್ ನಾರ್ಥಾಂಪ್ಟನ್‌ಶೈರ್ ರೂಪುಗೊಂಡ ವರ್ಷವೇ ಬಳ್ಳಾರಿಯನ್ನು ವಿಭಜಿಸಿ ವಿಜಯನಗರ ಜಿಲ್ಲೆಯನ್ನೂ ಮಾಡಲಾಯಿತು. ಆಗ ಹೊಸಪೇಟೆಗೆ ಜಿಲ್ಲಾಧಿಕಾರಿ ಬಂದರು, ಕಚೇರಿಗಳು ಬಂದವು, ಖರ್ಚನ್ನು ರಾಜ್ಯ ಸರ್ಕಾರ ನೋಡಿಕೊಂಡಿತು. ಇಂಗ್ಲೆಂಡಿನ ಜಿಲ್ಲೆಗೆ ಜಿಲ್ಲಾಧಿಕಾರಿ ಎಂಬವರೇ ಇಲ್ಲ. ಅಲ್ಲಿ ಜಿಲ್ಲೆಯೆಂದರೆ ಚುನಾಯಿತ ಕೌನ್ಸಿಲ್. ತೆರಿಗೆ ವಿಧಿಸುವುದು, ಸಾಲ ಮಾಡುವುದು, ಆಸ್ತಿ ಮಾರುವುದು ಎಲ್ಲವೂ ಅದರ ಹೆಸರಿನಲ್ಲಿಯೇ ನಡೆಯುತ್ತವೆ, ಮತ್ತು ಪ್ರತಿ ವರ್ಷ ಆದಾಯಕ್ಕೆ ವೆಚ್ಚವನ್ನು ಸರಿಹೊಂದಿಸಿ ತೋರಿಸಬೇಕಾದದ್ದು ಅದರ ಕಾನೂನುಬದ್ಧ ಹೊಣೆ. ಆದ್ದರಿಂದ ಅಲ್ಲಿ ಜಿಲ್ಲೆಯೊಂದರ ಹುಟ್ಟನ್ನು ಕೂಡುಕುಟುಂಬವೊಂದು ಪಾಲಾಗಿ ಎರಡು ಅಡುಗೆಮನೆಗಳಾದದ್ದಕ್ಕೆ ಹೋಲಿಸಿದರೆ ತಪ್ಪಾಗದು. ಈ ಪಾಲು ಆದದ್ದಂತೂ ಮನೆ ಸಾಲದಲ್ಲಿ ಮುಳುಗಿದ್ದಾಗ.

1974ರಿಂದ ಇಡೀ ನಾರ್ಥಾಂಪ್ಟನ್‌ಶೈರ್‌ನಲ್ಲಿ, ಅಂದರೆ ಹಲವು ಜಿಲ್ಲೆಗಳನ್ನು ಒಳಗೊಂಡ ಕೌಂಟಿಯಲ್ಲಿ, ಎರಡು ಸ್ತರದ ಆಡಳಿತವಿತ್ತು. ಶಾಲೆ, ರಸ್ತೆ, ಗ್ರಂಥಾಲಯ, ವೃದ್ಧರ ಮತ್ತು ಮಕ್ಕಳ ಆರೈಕೆ ಇವು ಕೌಂಟಿ ಕೌನ್ಸಿಲ್‌ನ ಕೆಲಸ. ಮನೆಮನೆಯ ಕಸ ಒಯ್ಯುವ ಗಾಡಿ, ಕಟ್ಟಡ ಪರವಾನಗಿ, ಬಡವರ ವಸತಿ ಇವು ಅದರ ಕೆಳಗಿನ ಏಳು ಜಿಲ್ಲಾ ಕೌನ್ಸಿಲ್‌ಗಳ ಕೆಲಸ. 2018ರ ಫೆಬ್ರುವರಿಯಲ್ಲಿ ಕೌಂಟಿ ಕೌನ್ಸಿಲ್‌ನ ಹಣಕಾಸು ಮುಖ್ಯಸ್ಥರು ‘ಸೆಕ್ಷನ್ 114’ ನೋಟಿಸ್ ಹೊರಡಿಸಿದರು. ಇಡೀ ಇಂಗ್ಲೆಂಡಿನಲ್ಲಿ ಸುಮಾರು ಎರಡು ದಶಕಗಳಿಂದ ಯಾವ ಕೌನ್ಸಿಲ್‌ನಲ್ಲೂ ಹಾಗಾಗಿರಲಿಲ್ಲ. ಪತ್ರಿಕೆಗಳು ಇದನ್ನು ದಿವಾಳಿ ಎಂದು ಬರೆದವು, ಆದರೆ ಕೌನ್ಸಿಲ್ ಅಂಗಡಿಯಂತೆ ಬಾಗಿಲು ಹಾಕಲಾರದು. 1988ರ ಸ್ಥಳೀಯ ಹಣಕಾಸು ಕಾಯ್ದೆಯ ಆ ಸೆಕ್ಷನ್ ಹೇಳುವುದಿಷ್ಟು: ವರ್ಷದ ವೆಚ್ಚ ಆದಾಯವನ್ನು ಮೀರುವ ಸಂಭವ ಕಂಡರೆ ಹಣಕಾಸು ಅಧಿಕಾರಿ ಅದನ್ನು ಲಿಖಿತವಾಗಿ ಘೋಷಿಸಬೇಕು, ಕೌನ್ಸಿಲರ್‌ಗಳು 21 ದಿನಗಳೊಳಗೆ ಸಭೆ ಸೇರಿ ಉತ್ತರಿಸಬೇಕು, ಅಲ್ಲಿಯವರೆಗೆ ಹೊಸ ವೆಚ್ಚಕ್ಕೆ ತಡೆ. ವೃದ್ಧರಿಗೆ ಊಟ, ಅನಾಥ ಮಕ್ಕಳಿಗೆ ಆಸರೆಯಂಥ ಕಾನೂನು ವಿಧಿಸಿದ ಸೇವೆಗಳು ಮಾತ್ರ ನಿಲ್ಲುವಂತಿಲ್ಲ. ಅದೇ ವರ್ಷದ ಜುಲೈಯಲ್ಲಿ ಎರಡನೇ ನೋಟಿಸೂ ಬಂತು.

ಇದಕ್ಕೆ ಲಂಡನ್ನಿನಿಂದ ಬರುವ ಅನುದಾನ ಕಡಿಮೆಯಾದದ್ದೇ ಕಾರಣ ಎಂದು ಕೌಂಟಿಯ ನಾಯಕರು ವಾದಿಸಿದರು. ಅನುದಾನ ಕುಗ್ಗಿದ್ದು ನಿಜ. ಆದರೆ ಅನುದಾನ ಎಲ್ಲ ಕೌಂಟಿಗಳಿಗೂ ಕುಗ್ಗಿತ್ತು, ಮುಗ್ಗರಿಸಿದ್ದು ಇದೊಂದೇ. ಸರ್ಕಾರ ಕಳುಹಿಸಿದ ತನಿಖಾಧಿಕಾರಿ ಮ್ಯಾಕ್ಸ್ ಕ್ಯಾಲರ್ 2018ರ ಮಾರ್ಚ್‌ನಲ್ಲಿ ಕೊಟ್ಟ ವರದಿ ಕಟುವಾಗಿತ್ತು. ಸಮಸ್ಯೆ ಹಣದ್ದಕ್ಕಿಂತ ನಿರ್ವಹಣೆಯದು, ಈ ಕೌನ್ಸಿಲನ್ನು ರಿಪೇರಿ ಮಾಡುವುದಕ್ಕಿಂತ ವಿಸರ್ಜಿಸಿ ಎರಡು ಹೊಸ ಕೌನ್ಸಿಲ್ ಮಾಡುವುದೇ ಲೇಸು ಎಂಬುದು ಅದರ ಸಾರ. ಕೆಲವು ವರ್ಷ ತೆರಿಗೆಯನ್ನು ಏರಿಸದೆ ಜನಪ್ರಿಯತೆಯನ್ನು ಉಳಿಸಿಕೊಂಡ ಕೌನ್ಸಿಲ್ ಅದು. ಅದೇ ಹೊತ್ತಿಗೆ 5.3 ಕೋಟಿ ಪೌಂಡ್ ವೆಚ್ಚದ ಹೊಸ ಕೇಂದ್ರ ಕಚೇರಿಯನ್ನು ಕಟ್ಟಿಸಿ, 2017ರಲ್ಲಿ ಉದ್ಘಾಟಿಸಿ, ಮರುವರ್ಷವೇ ಅದನ್ನು ಮಾರಿ ಬಾಡಿಗೆಗೆ ಕೂತಿತು. ಕೌಂಟಿಯ 36 ಗ್ರಂಥಾಲಯಗಳಲ್ಲಿ 21ನ್ನು ಕೈಬಿಡಲು ಹೊರಟಾಗ, 2018ರ ಆಗಸ್ಟಿನಲ್ಲಿ ಹೈಕೋರ್ಟ್ ಆ ನಿರ್ಧಾರವನ್ನೇ ರದ್ದು ಮಾಡಿತು.

ಕೊನೆಗೆ 2021ರ ಏಪ್ರಿಲ್ 1ರಂದು ಕೌಂಟಿ ಕೌನ್ಸಿಲೂ ಏಳು ಜಿಲ್ಲಾ ಕೌನ್ಸಿಲ್‌ಗಳೂ ಒಟ್ಟಿಗೆ ರದ್ದಾದವು. ಕಾರ್ಬಿ, ಕೆಟರಿಂಗ್, ವೆಲಿಂಗ್‌ಬರೊ, ಈಸ್ಟ್ ನಾರ್ಥಾಂಪ್ಟನ್‌ಶೈರ್ ಕೂಡಿ ನಾರ್ತ್ ನಾರ್ಥಾಂಪ್ಟನ್‌ಶೈರ್ ಆಯಿತು. ಉಳಿದ ಮೂರು ಸೇರಿ ವೆಸ್ಟ್ ನಾರ್ಥಾಂಪ್ಟನ್‌ಶೈರ್ ಆಯಿತು. ನಾರ್ಥಾಂಪ್ಟನ್ ಪಟ್ಟಣ ಇರುವುದು ವೆಸ್ಟ್‌ನಲ್ಲಿ, ಹೀಗಾಗಿ ತನ್ನ ಹೆಸರಿನಲ್ಲಿರುವ ಊರೇ ತನ್ನೊಳಗಿಲ್ಲದ ಜಿಲ್ಲೆ ಇದು. ಕೋವಿಡ್‌ನಿಂದಾಗಿ 2020ರ ಚುನಾವಣೆ ಮುಂದಕ್ಕೆ ಹೋಗಿ, ಮೊದಲ ಮತದಾನ ನಡೆದದ್ದು ಕೌನ್ಸಿಲ್ ಅಸ್ತಿತ್ವಕ್ಕೆ ಬಂದ ಮೇಲೆ, 2021ರ ಮೇ 6ರಂದು. ಹಾಗೆಂದು ಎಲ್ಲವೂ ಎರಡಾಗಲಿಲ್ಲ. ಪೊಲೀಸ್ ಪಡೆ ಇಡೀ ಕೌಂಟಿಗೆ ಒಂದೇ ಉಳಿಯಿತು, ಅಗ್ನಿಶಾಮಕ ದಳವೂ ಒಂದೇ. ಮಕ್ಕಳ ರಕ್ಷಣಾ ಸೇವೆಯನ್ನು 2020ರ ನವೆಂಬರ್‌ನಲ್ಲಿಯೇ ಟ್ರಸ್ಟ್ ಒಂದಕ್ಕೆ ವಹಿಸಲಾಗಿತ್ತು. ಆ ಟ್ರಸ್ಟ್‌ಗೆ ಎರಡೂ ಕೌನ್ಸಿಲ್‌ಗಳು ಜಂಟಿ ಒಡೆಯರು. ಪಾಲಾದ ಮೇಲೂ ಹಿತ್ತಲ ಬಾವಿ ಸಾಮಾನ್ಯವಾಗಿ ಉಳಿದ ಹಾಗೆ, ಅತ್ಯಂತ ದುಬಾರಿ ಬಾಬ್ತುಗಳಲ್ಲೊಂದು ಇಬ್ಬರ ಲೆಕ್ಕದಲ್ಲೂ ಉಳಿದುಕೊಂಡಿದೆ.

ಇನ್ನು ಆರ್ಥಿಕತೆ. ಇದನ್ನು ಕಾರ್ಬಿಯಿಂದಲೇ ಆರಂಭಿಸಬೇಕು. 1930ರ ದಶಕದ ಆರಂಭದಲ್ಲಿ ಕಾರ್ಬಿ ಸುಮಾರು ಸಾವಿರದೈನೂರು ಜನರ ಹಳ್ಳಿ. ಅದರ ಸುತ್ತ ನೆಲದಡಿಯಲ್ಲಿ ಕಬ್ಬಿಣದ ಅದಿರಿತ್ತು. ಗ್ಲಾಸ್ಗೋದ ಸ್ಟೂವರ್ಟ್ಸ್ ಅಂಡ್ ಲಾಯ್ಡ್ಸ್ ಕಂಪನಿ ಅಲ್ಲಿ ಉಕ್ಕಿನ ಮತ್ತು ಕೊಳವೆಯ ಕಾರ್ಖಾನೆಯನ್ನು ಕಟ್ಟಿ, ಸ್ಕಾಟ್ಲೆಂಡಿನಿಂದ ಕಾರ್ಮಿಕರನ್ನು ಕುಟುಂಬಸಮೇತ ಕರೆತಂದಿತು. ಇಂದಿಗೂ ಆ ಊರನ್ನು ‘ಪುಟ್ಟ ಸ್ಕಾಟ್ಲೆಂಡ್’ ಎನ್ನುತ್ತಾರೆ. ಊರಿಗೊಂದೇ ಉದ್ಯೋಗ ಎಂಬ ಸ್ಥಿತಿಯ ಅಪಾಯ 1980ರಲ್ಲಿ ಗೋಚರಿಸಿತು. ಆಗಿನ ಸರ್ಕಾರಿ ಸಂಸ್ಥೆ ಬ್ರಿಟಿಷ್ ಸ್ಟೀಲ್ ಅಲ್ಲಿ ಉಕ್ಕು ಕರಗಿಸುವುದನ್ನು ನಿಲ್ಲಿಸಿತು, ಸುಮಾರು ಹತ್ತು ಸಾವಿರ ಜನ ಕೆಲಸ ಕಳೆದುಕೊಂಡರು. ಉಳಿದದ್ದು ಹೊರಗಿನಿಂದ ಉಕ್ಕು ತರಿಸಿ ಕೊಳವೆ ಮಾಡುವ ಘಟಕ. 2007ರಲ್ಲಿ ಟಾಟಾ ಸ್ಟೀಲ್, ಬ್ರಿಟಿಷ್ ಸ್ಟೀಲ್‌ನ ಉತ್ತರಾಧಿಕಾರಿಯಾದ ಕೋರಸ್ ಕಂಪನಿಯನ್ನು ಕೊಂಡಾಗ ಆ ಘಟಕವೂ ಟಾಟಾ ಪಾಲಾಯಿತು.

ಕಾರ್ಖಾನೆ ಹೋದ ಜಾಗವನ್ನು ಶುಚಿಗೊಳಿಸುವ ಕೆಲಸ, ಹಳೆಯ ಏಳು ಜಿಲ್ಲಾ ಕೌನ್ಸಿಲ್‌ಗಳಲ್ಲೊಂದಾದ ಆಗಿನ ಕಾರ್ಬಿ ಬರೊ ಕೌನ್ಸಿಲ್‌ನದು. ವಿಷಯುಕ್ತ ಮಣ್ಣನ್ನು ಸಾಗಿಸುವಾಗ ತೋರಿದ ಅಜಾಗರೂಕತೆಗೂ, ಆ ಕಾಲದಲ್ಲಿ ಅಲ್ಲಿ ಕೈಕಾಲುಗಳ ನ್ಯೂನತೆಯೊಂದಿಗೆ ಹುಟ್ಟಿದ ಮಕ್ಕಳಿಗೂ ಸಂಬಂಧವಿದೆಯೆಂದು ಕುಟುಂಬಗಳು ಮೊಕದ್ದಮೆ ಹೂಡಿದವು. 2009ರಲ್ಲಿ ಹೈಕೋರ್ಟ್ ಕೌನ್ಸಿಲ್ ನಿರ್ಲಕ್ಷ್ಯ ತೋರಿತೆಂದು ತೀರ್ಪಿತ್ತಿತು; ಮರುವರ್ಷ ಪರಿಹಾರದ ಒಪ್ಪಂದವಾಯಿತು. ಇದನ್ನು ಇಲ್ಲಿ ಹೇಳಲು ಕಾರಣವಿದೆ: ಉದ್ಯಮದ ಲಾಭ ಉದ್ಯಮಕ್ಕೆ ಹೋಗುತ್ತದೆ, ಅದು ಬಿಟ್ಟುಹೋದ ಮಣ್ಣು ಕೌನ್ಸಿಲ್‌ಗೆ ಬರುತ್ತದೆ. ಹಳೆಯ ಕೌನ್ಸಿಲ್ ರದ್ದಾದಾಗ ಅದರ ಆಸ್ತಿಯ ಜೊತೆಗೆ ಹೊಣೆಯೂ ಹೊಸ ಕೌನ್ಸಿಲ್‌ಗೇ ವರ್ಗವಾಗುತ್ತದೆ.

ಜಿಲ್ಲೆಯ ಇನ್ನುಳಿದ ಊರುಗಳದು ಚರ್ಮದ ಕಸುಬು. ಕೆಟರಿಂಗ್‌ನ ಲೋಕ್, ಅರ್ಲ್ಸ್ ಬಾರ್ಟನ್‌ನ ಬಾರ್ಕರ್ ಎರಡೂ 1880ರಿಂದ ಬೂಟು ಹೊಲಿಯುತ್ತಿವೆ. ಹಳದಿ ಹೊಲಿಗೆಯ ಡಾಕ್ಟರ್ ಮಾರ್ಟೆನ್ಸ್ ಬೂಟು ಮೊದಲು ತಯಾರಾದದ್ದು ಹತ್ತಿರದ ವೊಲಾಸ್ಟನ್ ಹಳ್ಳಿಯಲ್ಲಿ, 1960ರ ಏಪ್ರಿಲ್ 1ರಂದು. ‘1460’ ಎಂಬ ಅದರ ಹೆಸರು ಆ ತಾರೀಖೇ. ಜಿಲ್ಲೆಯ ಹುಟ್ಟುಹಬ್ಬವೂ ಏಪ್ರಿಲ್ 1 ಎಂಬುದು ಕಾಕತಾಳೀಯ, ಅದು ಬ್ರಿಟನ್ನಿನಲ್ಲಿ ಹಣಕಾಸು ವರ್ಷದ ಮೊದಲ ದಿನ ಅಷ್ಟೆ. ಆ ಬೂಟುಗಳ ಬಹುಪಾಲು ಉತ್ಪಾದನೆ 2003ರಲ್ಲಿ ಏಷ್ಯಾಕ್ಕೆ ಹೋಯಿತು, ವೊಲಾಸ್ಟನ್‌ನಲ್ಲಿ ಈಗ ಸಣ್ಣ ಘಟಕವೊಂದಿದೆ. ಬರ್ಟನ್ ಲ್ಯಾಟಿಮರ್‌ನಲ್ಲಿ 1932ರಿಂದ ವೀಟಾಬಿಕ್ಸ್ ಗೋಧಿ ಬಿಸ್ಕತ್ತು ತಯಾರಾಗುತ್ತಿದೆ; ಅದರ ಒಡೆತನ ಈಗ ಅಮೆರಿಕದ ಕಂಪನಿಯದು.

ಆದರೆ ಈಗ ಜಿಲ್ಲೆಯ ಚಹರೆಯನ್ನು ಬದಲಿಸಿರುವುದು ಗೋದಾಮು. ಫೆಲಿಕ್ಸ್‌ಸ್ಟೋ ಬಂದರಿನ ಕಂಟೇನರ್‌ಗಳು ಮಧ್ಯ ಇಂಗ್ಲೆಂಡಿಗೆ ಬರುವ ಎ14 ಹೆದ್ದಾರಿ ಜಿಲ್ಲೆಯ ನಡುವೆಯೇ ಹಾದುಹೋಗುತ್ತದೆ, ಮುಂದೆ ಎಂ1 ಮತ್ತು ಎಂ6 ಅನ್ನು ಕೂಡುತ್ತದೆ. ಇಲ್ಲಿಂದ ಹೊರಟ ಲಾರಿ ಚಾಲಕ ತನ್ನ ಒಂದು ಪಾಳಿಯಲ್ಲಿ ದೇಶದ ಬಹುಪಾಲು ಊರುಗಳನ್ನು ಮುಟ್ಟಬಲ್ಲ. ಥ್ರಾಪ್‌ಸ್ಟನ್, ರಾಂಡ್ಸ್, ಕೆಟರಿಂಗ್, ಕಾರ್ಬಿಗಳ ಅಂಚಿನಲ್ಲಿ ಹೊಲಗಳು ಸರಕಿನ ಶೆಡ್‌ಗಳಾಗಿರುವುದು ಈ ಕಾರಣಕ್ಕೆ. 2011ರಿಂದ 2021ರ ನಡುವೆ ಇಂಗ್ಲೆಂಡಿನ ಜನಸಂಖ್ಯೆ ಶೇ. 6.6ರಷ್ಟು ಬೆಳೆದರೆ, ಈ ಜಿಲ್ಲೆಯದು ಶೇ. 13.5ರಷ್ಟು ಬೆಳೆದು 3,59,500 ಮುಟ್ಟಿತು.

ಈಗ ಪ್ರಶ್ನೆಯ ಮರ್ಮಕ್ಕೆ ಬರೋಣ. ಈ ದುಡಿಮೆಯ ಮೇಲೆ ಹುಟ್ಟುವ ಆದಾಯ ತೆರಿಗೆ, ಕಂಪನಿಗಳ ಲಾಭದ ತೆರಿಗೆ, ಮಾರಾಟದ ಮೇಲಿನ ವ್ಯಾಟ್ ಮೂರೂ ನೇರ ಲಂಡನ್ನಿನ ಖಜಾನೆಗೆ ಹೋಗುತ್ತವೆ. ಕೌನ್ಸಿಲ್ ಕೈಗೆ ತಾಗುವುದು ಕಟ್ಟಡದ ಮೇಲಿನ ವಾಣಿಜ್ಯ ತೆರಿಗೆ. ಅದರ ದರವನ್ನು ನಿಗದಿಪಡಿಸುವುದು ಕೇಂದ್ರ ಸರ್ಕಾರ, ವಸೂಲಿಯ ಶ್ರಮ ಮಾತ್ರ ಕೌನ್ಸಿಲ್‌ನದು. 2013ರಲ್ಲಿ ಬಂದ ಪದ್ಧತಿಯಂತೆ ವಸೂಲಾದುದರಲ್ಲಿ ಅರ್ಧದಷ್ಟು ಸ್ಥಳೀಯವಾಗಿ ಉಳಿಯುತ್ತದೆ. ಆದರೆ ಆ ಅರ್ಧವೂ ಪೂರ್ತಿ ದಕ್ಕುವುದಿಲ್ಲ: ಯಾವ ಜಿಲ್ಲೆಯ ಅಗತ್ಯ ಎಷ್ಟೆಂದು ಸರ್ಕಾರ ಅಂದಾಜು ಮಾಡಿ, ಹೆಚ್ಚು ಸಂಗ್ರಹವಾಗುವ ಕಡೆಯಿಂದ ಕಡಿಮೆ ಸಂಗ್ರಹವಾಗುವ ಕಡೆಗೆ ಹಣವನ್ನು ಹಂಚುತ್ತದೆ. ಹೊಸ ಗೋದಾಮಿನಿಂದ ಹೆಚ್ಚಿದ ತೆರಿಗೆಯಲ್ಲಿ ಒಂದು ಪಾಲನ್ನು ಕೌನ್ಸಿಲ್ ಕೆಲವು ವರ್ಷ ಇಟ್ಟುಕೊಳ್ಳಬಹುದು. ಲೆಕ್ಕವನ್ನು ಮತ್ತೆ ಹೊಸದಾಗಿ ಹಾಕಿದಾಗ ಆ ಗಳಿಕೆಯೂ ಹಂಚಿಕೆಗೆ ಸೇರುತ್ತದೆ. ಬಡ ಊರುಗಳ ದೃಷ್ಟಿಯಿಂದ ಇದು ನ್ಯಾಯವೇ. ಲಾರಿಗಳ ಸದ್ದನ್ನೂ ಸವೆದ ರಸ್ತೆಯನ್ನೂ ಸಹಿಸುವ ರಾಂಡ್ಸ್‌ನ ನಿವಾಸಿಗೆ ಮಾತ್ರ ಇದು ನ್ಯಾಯವೆನಿಸುವುದು ಕಷ್ಟ.

ಹೀಗಾಗಿ ಕೌನ್ಸಿಲ್ ಮುಖ್ಯವಾಗಿ ಅವಲಂಬಿಸಿರುವುದು ಮನೆಗಳ ಮೇಲಿನ ಕೌನ್ಸಿಲ್ ಟ್ಯಾಕ್ಸ್ ಅನ್ನು. ಅದೂ ವಿಚಿತ್ರ ತೆರಿಗೆ. ಮನೆಯ ಬೆಲೆ 1991ರ ಏಪ್ರಿಲ್‌ನಲ್ಲಿ ಎಷ್ಟಿತ್ತು ಎಂಬ ಆಧಾರದ ಮೇಲೆ ಎಂಟು ದರ್ಜೆಗಳಿವೆ. ಕಳೆದ ವರ್ಷ ಕಟ್ಟಿದ ಮನೆಗೂ ಮೂವತ್ತಕ್ಕೂ ಹೆಚ್ಚು ವರ್ಷ ಹಿಂದಿನ ಬೆಲೆಯನ್ನು ಊಹಿಸಿಯೇ ದರ್ಜೆ ಕೊಡುತ್ತಾರೆ. ಸರ್ಕಾರ ನಿಗದಿಪಡಿಸಿದ ಮಿತಿಯನ್ನು ದಾಟಿ ದರ ಏರಿಸಬೇಕಾದರೆ ಜನಮತಗಣನೆ ನಡೆಸಬೇಕು. ಇಂಥ ಕೌನ್ಸಿಲ್‌ಗಳಿಗೆ ಇತ್ತೀಚಿನ ವರ್ಷಗಳಲ್ಲಿ ಆ ಮಿತಿ ಶೇ. 5, ಅದಕ್ಕೇ ಬಹುತೇಕ ಕೌನ್ಸಿಲ್‌ಗಳ ಏರಿಕೆ ಶೇ. 4.99ಕ್ಕೆ ಬಂದು ನಿಲ್ಲುತ್ತದೆ. ಇನ್ನೊಂದೆಡೆ, ಶಾಲೆಗಳ ಮೀಸಲು ಅನುದಾನವನ್ನು ಬಿಟ್ಟು ನೋಡಿದರೆ, ವೆಚ್ಚದ ಅರ್ಧಕ್ಕಿಂತ ಹೆಚ್ಚು ಪಾಲು ವೃದ್ಧರು, ಅಂಗವಿಕಲರು ಮತ್ತು ರಕ್ಷಣೆ ಬೇಕಾದ ಮಕ್ಕಳ ಆರೈಕೆಗೆ ಹೋಗುತ್ತದೆ. ಇವು ಕಾನೂನಿನ ಹಕ್ಕುಗಳಾದ್ದರಿಂದ ಕೌನ್ಸಿಲ್ ಇಲ್ಲವೆನ್ನಲಾಗದು. ಜನಸಂಖ್ಯೆ ಬೆಳೆದಂತೆ, ವಯಸ್ಸು ಏರಿದಂತೆ ಈ ಬಾಬ್ತು ತಾನಾಗಿಯೇ ಬೆಳೆಯುತ್ತದೆ; ಕತ್ತರಿ ಬೀಳುವುದು ಉದ್ಯಾನ, ಗ್ರಂಥಾಲಯ, ರಸ್ತೆಗುಂಡಿಗಳ ಹಣಕ್ಕೆ.

ಹಾಗಾದರೆ ಜಿಲ್ಲೆಯನ್ನು ಹೊಸದಾಗಿ ಮಾಡಿದ್ದರಿಂದ ಪ್ರಯೋಜನವಾಗಲಿಲ್ಲವೇ? ಆಯಿತು ಎಂದೇ ನನ್ನ ಅಭಿಪ್ರಾಯ, ಆದರೆ ಸೀಮಿತವಾಗಿ. ನಾಲ್ಕು ಮುಖ್ಯಾಧಿಕಾರಿಗಳ ಬದಲು ಒಬ್ಬರು ಸಾಕು; ರಸ್ತೆ ಯಾರದು, ಕಸ ಯಾರದು ಎಂದು ನಿವಾಸಿ ಎರಡು ಕಚೇರಿ ಅಲೆಯಬೇಕಿಲ್ಲ. ಗಡಿಯನ್ನು ಬದಲಿಸಿದರೆ ಆಡಳಿತದ ದುಂದು ತಪ್ಪಬಹುದು, ಆರೈಕೆ ಬೇಕಾದವರ ಸಂಖ್ಯೆಯಾಗಲಿ ವಾಣಿಜ್ಯ ತೆರಿಗೆಯ ಹಂಚಿಕೆಯಾಗಲಿ ಬದಲಾಗದು. 2024ರ ಡಿಸೆಂಬರ್‌ನಲ್ಲಿ ಸರ್ಕಾರ ಶ್ವೇತಪತ್ರ ಹೊರಡಿಸಿ, ಎರಡು ಸ್ತರ ಉಳಿದಿರುವ ಎಲ್ಲ ಕೌಂಟಿಗಳಲ್ಲೂ ಇದೇ ಮಾದರಿಯನ್ನು ತರುವುದಾಗಿ ಪ್ರಕಟಿಸಿದೆ. ಆ ಸಾಲಿನಲ್ಲಿ ಮುಂದಿರುವ ಸರ್ರೆ ಕೌಂಟಿಯಲ್ಲೂ ಸಾಲದ ಹೊರೆಯೇ ದೊಡ್ಡ ಚರ್ಚೆ, ಏಕೆಂದರೆ 2023ರಲ್ಲಿ ಸೆಕ್ಷನ್ 114 ನೋಟಿಸ್ ಕಂಡ ವೋಕಿಂಗ್ ಜಿಲ್ಲೆ ಇರುವುದು ಅದರೊಳಗೆ.

ಕೆಟರಿಂಗ್‌ನಲ್ಲಿ ಮನೆ ಮಾಡಿರುವವರು ಮಾರ್ಚ್‌ನಲ್ಲಿ ಬರುವ ತೆರಿಗೆ ಬಿಲ್ಲನ್ನು ಬಿಡಿಸಿ ನೋಡಿದರೆ ಇದೆಲ್ಲ ಒಂದೇ ಹಾಳೆಯಲ್ಲಿ ಕಾಣುತ್ತದೆ. ದೊಡ್ಡ ಮೊತ್ತ ನಾರ್ತ್ ನಾರ್ಥಾಂಪ್ಟನ್‌ಶೈರ್ ಕೌನ್ಸಿಲ್‌ನದು, ಅದರಲ್ಲಿಯೇ ವಯಸ್ಕರ ಆರೈಕೆಯ ಪಾಲನ್ನು ಬೇರೆಯಾಗಿ ತೋರಿಸಿರುತ್ತಾರೆ. ಕೆಳಗೆ ಪೊಲೀಸ್, ಅಗ್ನಿಶಾಮಕ. ಕೊನೆಯ ಸಣ್ಣ ಸಾಲು ಕೆಟರಿಂಗ್ ಟೌನ್ ಕೌನ್ಸಿಲ್‌ನದು. ಹಳೆಯ ಬರೊ ರದ್ದಾದಾಗ ಊರಿಗೆ ತನ್ನದೆನ್ನುವ ದನಿಯೇ ಇಲ್ಲವಾಗಬಾರದೆಂದು 2021ರಲ್ಲಿ ಹುಟ್ಟಿಸಿದ ಕೌನ್ಸಿಲ್ ಅದು. ಶೇ. 5ರ ಮಿತಿ ಅದಕ್ಕೆ ಅನ್ವಯಿಸುವುದಿಲ್ಲ.