ಬ್ಲ್ಯಾಕ್‌ಜಾಕ್: ಮೊದಲು ಎಲೆ ಎಳೆಯುವವರ ಲೆಕ್ಕ

ಬ್ಲ್ಯಾಕ್‌ಜಾಕ್ ಅನ್ನುವ ಕ್ಯಾಸಿನೋ ಇಸ್ಪೀಟಾಟದಲ್ಲಿ ಡೀಲರ್, ಅಂದರೆ ಕ್ಯಾಸಿನೋ ಪರವಾಗಿ ಎಲೆ ಹಂಚಿ ಆಡುವವನು, ಯೋಚನೆಯನ್ನೇ ಮಾಡುವುದಿಲ್ಲ. ಎಲೆಗಳ ಮೊತ್ತ 16 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಇನ್ನೊಂದು ಎಳೆಯಲೇಬೇಕು, 17 ಮುಟ್ಟಿದರೆ ನಿಲ್ಲಬೇಕು, ಅಷ್ಟೇ. (ಎಕ್ಕ ಸೇರಿದ 17ಕ್ಕೆ ಕೆಲವು ಕಡೆ ಬೇರೆ ನಿಯಮ ಇದೆ, ಸದ್ಯಕ್ಕೆ ಬಿಡೋಣ.) ಸ್ವಾತಂತ್ರ್ಯ ಎಲ್ಲ ನಿಮಗೇ. ಎಳೆಯಬಹುದು, ನಿಲ್ಲಬಹುದು, ಪಣ ದುಪ್ಪಟ್ಟು ಮಾಡಬಹುದು, ಜೋಡಿ ಬಂದರೆ ಎರಡು ಕೈಯಾಗಿ ಒಡೆಯಬಹುದು. ಆದರೂ ದಿನದ ಕೊನೆಗೆ ಗೆಲ್ಲುವುದು ಕ್ಯಾಸಿನೋ. ಯಾಕೆ?

ಆಟ ಗೊತ್ತಿಲ್ಲದವರಿಗೆ ಬೇಗ ಹೇಳಿಬಿಡುತ್ತೇನೆ. ಎಲ್ಲರಿಗೂ ಎರಡೆರಡು ಎಲೆ, ಡೀಲರ್‌ನದ್ದು ಒಂದು ಮಾತ್ರ ಕಾಣುತ್ತದೆ. ಗುಲಾಮ, ರಾಣಿ, ರಾಜ ಮೂರಕ್ಕೂ ಬೆಲೆ 10. ಎಕ್ಕ 1 ಆದರೂ ಆಯಿತು, 11 ಆದರೂ ಆಯಿತು. ಉಳಿದ ಎಲೆಗಳಿಗೆ ಅವುಗಳ ಸಂಖ್ಯೆಯೇ ಬೆಲೆ. 21 ದಾಟದೆ ಡೀಲರ್‌ಗಿಂತ ಜಾಸ್ತಿ ಮಾಡಬೇಕು. ದಾಟಿದರೆ ಬಸ್ಟ್.

ಗುಟ್ಟು ಇರುವುದು ಸರದಿಯಲ್ಲಿ. ಮೊದಲು ಆಡಬೇಕಾದವರು ನೀವು. ನೀವು ಬಸ್ಟ್ ಆದ ತಕ್ಷಣ ಪಣ ಹೋಯಿತು, ಆಮೇಲೆ ಡೀಲರ್ ಕೂಡ ಬಸ್ಟ್ ಆದರೂ ಅದು ವಾಪಸ್ ಬರುವುದಿಲ್ಲ. ಡೀಲರ್ ನೂರಕ್ಕೆ ಸುಮಾರು 28 ಸಲ ಬಸ್ಟ್ ಆಗುತ್ತಾನೆ. ನೀವೂ ಅವನ ನಿಯಮವನ್ನೇ ಪಾಲಿಸುತ್ತೀರಿ ಅಂತ ಇಟ್ಟುಕೊಳ್ಳಿ, ಆಗ ನಿಮ್ಮದೂ 28. ಇಬ್ಬರೂ ಬಸ್ಟ್ ಆಗುವುದು 0.28 × 0.28, ಅಂದರೆ ನೂರಕ್ಕೆ ಸುಮಾರು 8 ಸಲ. ಉಳಿದದ್ದೆಲ್ಲ ಸರಿಸಮ, ಆ 8 ಮಾತ್ರ ಪೂರ್ತಿ ಕ್ಯಾಸಿನೋ ಪಾಲು. ಮೊದಲ ಎರಡೇ ಎಲೆಗಳಲ್ಲಿ ಎಕ್ಕ ಮತ್ತು 10 ಬಂದರೆ ಅದು ಬ್ಲ್ಯಾಕ್‌ಜಾಕ್, ಸುಮಾರು 21 ಕೈಗೆ ಒಂದು ಸಲ ಸಿಗುತ್ತದೆ, ಅದಕ್ಕೆ ಪಣದ ಒಂದೂವರೆ ಪಟ್ಟು ಕೊಡುವುದರಿಂದ ಆ 8ರಲ್ಲಿ 2ಕ್ಕಿಂತ ಸ್ವಲ್ಪ ಜಾಸ್ತಿ ನಿಮಗೆ ಮರಳುತ್ತದೆ. ಕ್ಯಾಸಿನೋಗೆ ಉಳಿಯುವುದು ಶೇಕಡ 5.5ರ ಆಸುಪಾಸು. ಈಗ ಅನೇಕ ಕಡೆ ಬ್ಲ್ಯಾಕ್‌ಜಾಕ್ ಬಂದರೆ 100ಕ್ಕೆ 150 ಕೊಡುವ ಬದಲು 120 ಕೊಡುತ್ತಾರೆ. ಅಂಥ ಟೇಬಲ್‌ಗೆ ಕೂರಲೇಬೇಡಿ.

ಈ 5.5ನ್ನು ಇಳಿಸುವುದು ಹೇಗೆ ಅಂತ ಅಮೆರಿಕದ ಸೈನ್ಯದಲ್ಲಿದ್ದ ನಾಲ್ವರು, ಬಾಲ್ಡ್ವಿನ್, ಕ್ಯಾಂಟಿ, ಮೈಸೆಲ್ ಮತ್ತು ಮೆಕ್‌ಡರ್ಮಟ್, ಮೇಜಿನ ಮೇಲಿನ ಲೆಕ್ಕದ ಯಂತ್ರ ತಿರುವಿ ಕಂಡುಹಿಡಿದು, 1956ರಲ್ಲಿ ಪ್ರಕಟಿಸಿದರು. ಕಂಪ್ಯೂಟರ್ ಇಲ್ಲದೆ! ಅವರ ಉತ್ತರ ನಿಂತಿರುವುದು ಡೀಲರ್‌ನ ಆ ಒಂದು ಕಾಣುವ ಎಲೆಯ ಮೇಲೆ. ಅದು 6 ಆಗಿದ್ದರೆ ಅವನು ನೂರಕ್ಕೆ ಸುಮಾರು 42 ಸಲ ಬಸ್ಟ್ ಆಗುತ್ತಾನೆ. ಹಾಗಾಗಿ ನಿಮ್ಮ ಕೈಯಲ್ಲಿ ಬರೀ 12 ಇದ್ದರೂ ಸುಮ್ನೆ ನಿಲ್ಲಬೇಕು, ಅಪಾಯ ಅವನೇ ಹೊರಲಿ. ಅದೇ ಅವನದ್ದು 10, ನಿಮ್ಮದು 16 ಆದರೆ? ಎಳೆದರೆ 13 ಬಗೆಯ ಎಲೆಗಳಲ್ಲಿ 8 ನಿಮ್ಮನ್ನು ಮುಳುಗಿಸುತ್ತವೆ. ಆದರೂ ಎಳೆಯಬೇಕು, ಯಾಕೆಂದರೆ ನಿಂತರೆ ನಷ್ಟ ಕೂದಲೆಳೆಯಷ್ಟು ಹೆಚ್ಚು. ಮನಸ್ಸು ಒಪ್ಪುವುದಿಲ್ಲ ಅಲ್ವಾ? ನನಗೆ ಈ ಆಟದಲ್ಲಿ ತುಂಬಾ ಇಷ್ಟವಾಗುವ ಜಾಗ ಇದೇ: ಎರಡು ಕೆಟ್ಟ ದಾರಿಗಳಲ್ಲಿ ಕಡಿಮೆ ಕೆಟ್ಟದ್ದನ್ನು ಲೆಕ್ಕ ಹಾಕಿ ಹಿಡಿಯುವುದು. ಹೀಗೆ ಆಡಿದರೆ, ನಿಯಮ ಚೆನ್ನಾಗಿರುವ ಟೇಬಲ್‌ನಲ್ಲಿ ಕ್ಯಾಸಿನೋದ ಮೇಲುಗೈ ಶೇಕಡ 0.5ರ ಹತ್ತಿರಕ್ಕೆ ಇಳಿಯುತ್ತದೆ.

ಆಮೇಲೆ ಬಂದವರು ಗಣಿತಜ್ಞ ಎಡ್ವರ್ಡ್ ಥಾರ್ಪ್. ಅಮೆರಿಕದ ವಿಶ್ವವಿದ್ಯಾಲಯ ಎಂಐಟಿಯ ಐಬಿಎಂ 704 ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ, 1962ರಲ್ಲಿ ಪುಸ್ತಕವನ್ನೇ ಬರೆದರು. ನಾಣ್ಯಕ್ಕೆ ಹಿಂದಿನ ಚಿಮ್ಮು ನೆನಪಿರುವುದಿಲ್ಲ, ಆದರೆ ಇಸ್ಪೀಟಿನ ಕಟ್ಟಿಗೆ ನೆನಪಿದೆ: ಹೋದ ಎಲೆ, ಕಟ್ಟು ಮತ್ತೆ ಕಲೆಸುವವರೆಗೆ ತಿರುಗಿ ಬರುವುದಿಲ್ಲ. ಅವರ ವಿಚಾರ ಇದೇ.

ಇದನ್ನು ನೋಡಲು ಇನ್ಶೂರೆನ್ಸ್ ಪಣ ಸಾಕು. ಡೀಲರ್ ಎಕ್ಕ ತೋರಿಸಿದಾಗ ಅವನ ಮುಚ್ಚಿದ ಎಲೆ 10 ಅಂತ ಪಣ ಕಟ್ಟಬಹುದು, ಗೆದ್ದರೆ ಎರಡು ಪಟ್ಟು. ಒಂದೇ ಕಟ್ಟಿನ ಆಟ, ನೀವು ಕಂಡಿದ್ದು ಆ ಎಕ್ಕ ಮಾತ್ರ ಅಂದುಕೊಳ್ಳಿ. ಕಾಣದ ಎಲೆ 51, ಅದರಲ್ಲಿ 10ರ ಬೆಲೆಯವು 16. ಎರಡು ಪಟ್ಟು ಕೊಡುವ ಪಣ ಸರಿಸಮ ಆಗಲು ಮೂರರಲ್ಲಿ ಒಂದು ಸಲ ಗೆಲ್ಲಬೇಕು, ಅಂದರೆ 17 ಇರಬೇಕಿತ್ತು, ಒಂದು ಕಡಿಮೆ ಬಿತ್ತು. ಪಣ ಕಟ್ಟಬಾರದು. ಈಗ ನಿಮ್ಮ ಎರಡು ಎಲೆ ಮತ್ತು ಪಕ್ಕದವರ ಎರಡು ಎಲೆ ನೋಡುತ್ತೀರಿ, ಒಂದೂ 10 ಇಲ್ಲ. ಕಾಣದ್ದು 47, ಹತ್ತುಗಳು ಇನ್ನೂ ಆ 16. ಗೆಲ್ಲುವ 16ಕ್ಕೆ ಎರಡರಂತೆ 32, ಸೋಲುವುದು 31. ಅದೇ ಪಣ, ಅದೇ ಡೀಲರ್, ಆದರೆ ಈಗ ಕಟ್ಟಬೇಕು.