ಮಳೆಗಾಲದ ಕರೆಂಟು, ಕಂಪ್ಯೂಟರಿನ ನಿದ್ದೆ

ಆಷಾಢದ ಮಳೆ ಹಿಡಿಯಿತೆಂದರೆ ಹೊಸನಗರ, ತೀರ್ಥಹಳ್ಳಿ ಕಡೆ ಕರೆಂಟು ಹೇಳದೆ ಹೋಗುತ್ತದೆ, ಹೇಳದೆ ಬರುತ್ತದೆ. ಎಲ್ಲೋ ಒಂದು ಕೊಂಬೆ ತಂತಿಯ ಮೇಲೆ ಬಿದ್ದರೆ ಸಾಕು. ಅಡಿಕೆ ಲೆಕ್ಕ ಬರೆಯುತ್ತಿದ್ದವರು ಕಂಪ್ಯೂಟರನ್ನು 'ಸ್ಲೀಪ್'ಗೆ ಹಾಕಿ ಊಟಕ್ಕೆ ಏಳುತ್ತಾರೆ. ಬಂದು ನೋಡಿದರೆ ರಾಶಿ, ಬೆಟ್ಟೆ, ಗೊರಬಲು ಎಂದು ವಿಂಗಡಿಸಿ ತುಂಬಿದ್ದ ಸಾಲುಗಳು ಇಲ್ಲ.

ಸ್ಲೀಪ್ ಎಂದರೆ ಪೂರ್ತಿ ಆರಿದಂತಲ್ಲ. ಪರದೆ, ಪ್ರೊಸೆಸರ್, ಡಿಸ್ಕ್ ಸುಮ್ಮನಾಗುತ್ತವೆ. ತೆರೆದ ಕೆಲಸವನ್ನು ಸದ್ಯಕ್ಕೆ ಹಿಡಿದಿಡುವ ನೆನಪಾದ ರ‍್ಯಾಮ್‌ಗೆ ಮಾತ್ರ ಸಣ್ಣಗೆ ವಿದ್ಯುತ್ ಹರಿಯುತ್ತಿರಬೇಕು. ಸೇವ್ ಮಾಡದ ಲೆಕ್ಕ ಇರುವುದು ಅಲ್ಲಿಯೇ. ಅದರ ಒಂದೊಂದು ಬಿಟ್ಟೂ (ಸೊನ್ನೆ ಅಥವಾ ಒಂದು ಎಂಬ ಗುರುತು) ಕಣ್ಣಿಗೆ ಕಾಣದಷ್ಟು ಪುಟ್ಟ ಕೆಪಾಸಿಟರಿನಲ್ಲಿ ಚಾರ್ಜ್ ಆಗಿ ಕೂತಿರುತ್ತದೆ. ತೂತಿನ ಕೊಡದ ನೀರಿನಂತೆ ಆ ಚಾರ್ಜ್ ಸೋರುತ್ತಲೇ ಇರುವುದರಿಂದ ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಮತ್ತೆ ತುಂಬಬೇಕು. ಕರೆಂಟು ಹೋದರೆ ತುಂಬುವವರಿಲ್ಲ. ಲ್ಯಾಪ್‌ಟಾಪನ್ನು ಬ್ಯಾಟರಿ ಕಾಯುತ್ತದೆ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿಗೆ ಆ ಆಸರೆಯಿಲ್ಲ.

ಮಲೆನಾಡಿನ ಡೆಸ್ಕ್‌ಟಾಪಿಗೆ ಹೇಳಿ ಮಾಡಿಸಿದ್ದು 'ಹೈಬರ್ನೇಟ್'. ಇದು ರ‍್ಯಾಮ್‌ನಲ್ಲಿರುವುದನ್ನು ಡಿಸ್ಕಿಗೆ ಬರೆದಿಟ್ಟು ಯಂತ್ರವನ್ನು ಪೂರ್ತಿ ಆರಿಸುತ್ತದೆ. ಮರುದಿನ ಹಾಕಿದರೂ ತೆರೆದಿದ್ದ ಹಾಳೆ ತೆರೆದಂತೆಯೇ ಬರುತ್ತದೆ. ವಿಂಡೋಸ್‌ನಲ್ಲಿ ಇದು ಹೆಚ್ಚಾಗಿ ಮರೆಯಲ್ಲೇ ಇರುತ್ತದೆ. ಕಂಟ್ರೋಲ್ ಪ್ಯಾನೆಲ್‌ನ 'ಪವರ್ ಆಪ್ಷನ್ಸ್' ತೆರೆದು, ಎಡಗಡೆ ಪವರ್ ಬಟನ್ ಏನು ಮಾಡಬೇಕೆಂದು ಆರಿಸುವ ಸಾಲನ್ನು ಒತ್ತಿ. ಕೆಳಗಿನ ಆಯ್ಕೆಗಳು ಮಸುಕಾಗಿದ್ದರೆ ಮೇಲಿರುವ 'ಚೇಂಜ್ ಸೆಟ್ಟಿಂಗ್ಸ್' ಎಂದು ಶುರುವಾಗುವ ನೀಲಿ ಸಾಲನ್ನು ಒತ್ತಬೇಕು. ಅನೇಕರು ಇಲ್ಲಿಯೇ ಕೈಬಿಡುತ್ತಾರೆ. ಆಮೇಲೆ 'ಹೈಬರ್ನೇಟ್'ಗೆ ಗುರುತು ಹಾಕಿ ಸೇವ್ ಮಾಡಿದರೆ ಶಟ್‌ಡೌನ್ ಪಕ್ಕದಲ್ಲೇ ಅದು ಕಾಣಿಸುತ್ತದೆ.

ಪರದೆ ಕಪ್ಪಾದ ಕೂಡಲೇ ಪ್ಲಗ್ ಕೀಳಬೇಡಿ. ಬರೆಯುವ ಕೆಲಸ ಇನ್ನೂ ನಡೆದಿರುತ್ತದೆ. ಚಿಪ್ಪುಗಳಲ್ಲಿ ಬರೆಯುವ ಹೊಸ ಬಗೆಯ ಡಿಸ್ಕಾದ ಎಸ್‌ಎಸ್‌ಡಿಗೆ ಕೆಲವು ಸೆಕೆಂಡು ಸಾಕು, ಹಳೆಯ ಹಾರ್ಡ್ ಡಿಸ್ಕಿಗೆ ಹೆಚ್ಚು ಬೇಕು. ಮುಂಭಾಗದ ದೀಪ ಪೂರ್ತಿ ಆರಿ, ಫ್ಯಾನ್ ನಿಂತರೆ ಮುಗಿಯಿತೆಂದು ಅರ್ಥ. ಸ್ಲೀಪ್‌ನಲ್ಲಾದರೆ ಆ ದೀಪ ಬಹಳಷ್ಟು ಯಂತ್ರಗಳಲ್ಲಿ ಮಿಣುಕುತ್ತಿರುತ್ತದೆ.

ಎನ್‌ಟಿಎಫ್‌ಎಸ್ (ವಿಂಡೋಸ್ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಇದೆ, ಫೈಲ್ ಹಾಳಾಗದು ಎಂಬ ನಂಬಿಕೆ ಅರ್ಧ ಸತ್ಯ. ಅದು ಮಾಡಲಿರುವ ಬದಲಾವಣೆಯನ್ನು ಮೊದಲು ಜರ್ನಲ್‌ನಲ್ಲಿ ಗುರುತು ಹಾಕಿಕೊಳ್ಳುತ್ತದೆ, ನಿಜ. ಆದರೆ ಆ ಜರ್ನಲ್ ಕಾಯುವುದು ಯಾವ ಫೈಲ್ ಎಲ್ಲಿದೆ ಎಂಬ ವ್ಯವಸ್ಥೆಯನ್ನು, ನಿಮ್ಮ ಕ್ವಿಂಟಾಲ್ ಲೆಕ್ಕವನ್ನಲ್ಲ. ಕಂಟ್ರೋಲ್ ಮತ್ತು ಎಸ್ ಒತ್ತುವ ರೂಢಿಗೆ ಬದಲಿಯಿಲ್ಲ. ಯುಪಿಎಸ್ ಕೊಡುವ ಕೆಲವು ನಿಮಿಷವೂ ಸೇವ್ ಮಾಡಿ ಮುಚ್ಚುವುದಕ್ಕೇ ಹೊರತು ಕೆಲಸ ಮುಂದುವರಿಸುವುದಕ್ಕಲ್ಲ.

ಗುಡುಗು ಶುರುವಾದಾಗ ಹೈಬರ್ನೇಟ್‌ನ ಇನ್ನೊಂದು ಅನುಕೂಲ ತಿಳಿಯುತ್ತದೆ: ಕೆಲಸ ಕಳೆದುಕೊಳ್ಳದೆ ಪ್ಲಗ್ಗನ್ನೇ ಕಿತ್ತಿಡಬಹುದು. ಇಂಟರ್ನೆಟ್ ತಾಮ್ರದ ತಂತಿಯಲ್ಲಿ ಬರುತ್ತಿದ್ದರೆ ಅದನ್ನೂ ಬಿಚ್ಚಿ. ಸಿಡಿಲಿನ ಹೊಡೆತ ಆ ದಾರಿಯಲ್ಲೂ ಮದರ್‌ಬೋರ್ಡಿಗೆ ತಲುಪುತ್ತದೆ.